ಹೆಸರು ಕೇಳಿ ಹಿಂತಿರುಗಿದ ಬಂಡೆ

ಬಹಳ ಹಿಂದೆ, ಆಕಾಶ ಇನ್ನೂ ಇಷ್ಟು ದೂರ ಹೋಗಿರದ ಕಾಲದಲ್ಲಿ, ಗಗನಪುರವೆಂಬ ರಾಜ್ಯವಿತ್ತು. ಅದರ ನೆತ್ತಿಯ ಮೇಲೆ, ಮಂಗಳನಿಗೂ ಗುರುವಿಗೂ ನಡುವೆ, ಲಕ್ಷಾಂತರ ಬಂಡೆಗಳು ಸೂರ್ಯನನ್ನು ಸುತ್ತುತ್ತಿದ್ದವು. ಅವುಗಳಲ್ಲಿ ಹೆಸರಿಲ್ಲದವು ಮಾಂತ್ರಿಕ ಧೂಮಕಂಠನ ಮಾತು ಕೇಳುತ್ತಿದ್ದವು; ಹೆಸರಿಟ್ಟರೆ ಅವನ ಹಿಡಿತ ತಪ್ಪುತ್ತಿತ್ತು. ಹೆಸರಿಡುವುದೇನು ಹುಡುಗಾಟವಲ್ಲ. ಬಂಡೆ ಎಲ್ಲಿ ಕಾಣುವುದೆಂದು ಸಾಲಾಗಿ ಮೂರು ಸಂಜೆ, ಅದು ಕಾಣುವ ಮೊದಲೇ ಹೇಳಿ ಗೆದ್ದರೆ ಮಾತ್ರ ಆ ಹಕ್ಕು.

ಆ ಲೆಕ್ಕ ಬಲ್ಲವಳು ಮಾಚಜ್ಜಿ. ನಲವತ್ತು ವರ್ಷ ಮರಳಿನ ಹಲಗೆಯ ಮೇಲೆ ಬರೆದು, ಅಳಿಸಿ, ಒಂದು ದೊಡ್ಡ ಬಂಡೆಯ ಹಾದಿ ಹಿಡಿದಿದ್ದಳು. ಧೂಮಕಂಠನಿಗೆ ಹೊಟ್ಟೆಯುರಿ. ಅರಮನೆಯ ಅಂಗಳದಲ್ಲೇ ಅಜ್ಜಿಯನ್ನು ಕಲ್ಲಾಗಿಸಿ, "ಮೂರು ಸಂಜೆ ಕಳೆದರೆ ಅದೇ ಬಂಡೆ ನಿಮ್ಮ ತಲೆ ಮೇಲೆ" ಎಂದು ಸಾರಿದ. ಅಜ್ಜಿಯ ಶಿಷ್ಯೆ, ನೇಕಾರರ ಚಂದಲೆ, ಒಂದು ಗಳಿಗೆ ಅತ್ತಳು. ಆಮೇಲೆ ಹಲಗೆ ಎತ್ತಿಕೊಂಡು ಅದೇ ಅಂಗಳಕ್ಕೆ ನಡೆದಳು.

ಮೊದಲ ಸಂಜೆ "ರೋಹಿಣಿಯ ಎಡಕ್ಕೆ" ಎಂದಳು. ಬಂಡೆ ರೋಹಿಣಿಯ ಎಡಕ್ಕೇ ಮಿನುಗಿತು.

ಎರಡನೆಯ ಸಂಜೆ ಮಾಂತ್ರಿಕನ ಮೂರು ಬಾಲದ ಹುಲಿ ಬಂದು ಹಲಗೆಯ ಮೇಲೆ ಹೊರಳಾಡಿತು. ಬರೆದದ್ದೆಲ್ಲ ಅಳಿಸಿಹೋಯಿತು. ಚಂದಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಗುಣಿಸಿ, "ನಿನ್ನೆಗಿಂತ ಎರಡು ಬೆರಳು ಮೇಲೆ" ಎಂದಳು. ಬಂಡೆ ಅಲ್ಲೇ ಕಂಡಿತು. ಹುಲಿಯೂ ಕತ್ತೆತ್ತಿ ನೋಡಿ ಮೂರೂ ಬಾಲ ಮಡಚಿಕೊಂಡಿತು.

ಮೂರನೆಯ ಸಂಜೆ ಧೂಮಕಂಠ ಆಕಾಶಕ್ಕೆಲ್ಲ ಹೊಗೆ ಮುಚ್ಚಿ, "ಎಲ್ಲಿದೆ, ತೋರಿಸು" ಎಂದ.

"ನನಗೂ ಕಾಣ್ತಿಲ್ಲ. ಆದರೆ ಕೃತ್ತಿಕೆಯ ಕೆಳಗಿದೆ."

ಗಾಳಿ ಬೀಸಿ ಹೊಗೆ ಸರಿಯಿತು. ಅಷ್ಟು ದೊಡ್ಡ ಆಕಾಶ, ಅದರಲ್ಲಿ ಸಾಸಿವೆ ಕಾಳಿನಷ್ಟು ಬೆಳಕು, ಅದು ಹೇಳಿದ ಜಾಗದಲ್ಲೇ ಬಂದು ನಿಂತಿತ್ತು. ಹೆಸರಿಡುವ ಹಕ್ಕು ಚಂದಲೆಯದಾಯಿತು.

ಸಿಟ್ಟಿನಿಂದ ಮಾಂತ್ರಿಕ ಬಂಡೆಯನ್ನು ಕೆಳಕ್ಕೆಳೆದ. ಗಗನಪುರದಲ್ಲಿ ಕೆರೆ, ಕೋಟೆ, ಆನೆ, ಎಲ್ಲಕ್ಕೂ ರಾಜನ ಹೆಸರೇ ಇಡುವ ರೂಢಿ. ರಾಜ ರಣಮಲ್ಲ ಗಂಟಲು ಸರಿಮಾಡಿಕೊಂಡು "ರಣಮಲ್ಲ" ಎಂದು ಹೆಸರಿಟ್ಟ. ಬಂಡೆ ನಿಲ್ಲಲಿಲ್ಲ, ಇನ್ನೂ ಹತ್ತಿರವಾಗಿ ಚಂದ್ರನಿಗಿಂತ ದೊಡ್ಡದಾಗಿ ಕಂಡಿತು.

"ತನ್ನ ಹಾದಿ ಕಂಡುಹಿಡಿದವರ ಹೆಸರನ್ನಷ್ಟೇ ಅದು ಕೇಳೋದು, ಪ್ರಭುಗಳೇ," ಎಂದಳು ಚಂದಲೆ.

"ಹಾಗಾದರೆ ನಿನ್ನ ಹೆಸರು ಹೇಳಮ್ಮ, ಬೇಗ."

ಚಂದಲೆಗೆ ಆಸೆಯಾಯಿತು. ಯಾರಿಗೆ ಆಗದು? ಆದರೆ "ಮಾಚಜ್ಜಿ" ಎಂದಳು.

ಬಂಡೆ ನಿಂತಿತು. ಕರೆದವರ ಕಡೆ ತಿರುಗುವಂತೆ ಒಮ್ಮೆ ಹೊರಳಿ, ಸದ್ದಿಲ್ಲದೆ ಮೇಲೇರಿತು. ಧೂಮಕಂಠ ಹೊಗೆಯಾಗಿ ಹೋದ. ಕಲ್ಲಾಗಿದ್ದ ಅಜ್ಜಿ ಕಣ್ಣು ಬಿಟ್ಟು ಮೇಲೆ ನೋಡಿದಳು.

"ಸರಿಯಾದ ದಾರೀಲೇ ಹೋಗ್ತಿದೆ."

"ಅದಕ್ಕೆ ನಿಮ್ಮ ಹೆಸರಿಟ್ಟಿದ್ದೀನಿ, ಅಜ್ಜಿ."

ಗೇಣು ನೆಲವೂ ಇಲ್ಲದ ಮಾಚಜ್ಜಿ ಮತ್ತೊಮ್ಮೆ ಮೇಲೆ ನೋಡಿದಳು. "ಅಷ್ಟು ದೊಡ್ಡದಕ್ಕಾ?" ಎಂದಳು.

ಆಮೇಲೆ ಗಗನಪುರದವರೆಲ್ಲ ಸುಖವಾಗಿ ಬಾಳಿದರು. ಮಾಚಜ್ಜಿ ಅಲ್ಲಿ ಸುತ್ತುತ್ತಿದ್ದಾಳೆ, ನಾವು ಇಲ್ಲಿ ಕತ್ತೆತ್ತಿ ನೋಡುತ್ತಿದ್ದೇವೆ.