ಮೂರನೇ ಅಂಕದ ಗುಂಯ್ ಸದ್ದು

"ಬಾಯಾರ, ಸಂಜೀಗೆ ನನ್ನ ಪೊಲೀಸರ ಕೈಯಾಗ ಕೊಡ್ತಾರಂತ್ರಿ. ಅಷ್ಟರೊಳಗ ನೀವು ಏನರ ಮಾಡ್ರಿ."

ಚಹಾ ಇನ್ನೂ ಒಲೆಯ ಮೇಲೇ ಇತ್ತು. ಬಾಗಿಲಲ್ಲಿ ನಿಂತಿದ್ದವನು ಮುದ್ದೇಬಿಹಾಳದ ಮುರ್ತುಜಾಸಾಬ. ಎಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಸಿಂದಗಿಯ ಸಂತೆ ಬಯಲಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯಲ್ಲಿ ಕರೆಂಟಿನ ಗಿಟಾರು ನುಡಿಸುತ್ತಿದ್ದವನು. ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದ. ಕೈ ಹೊರಗೆ ತೆಗೆದರೆ ಅಲ್ಲೇ ಯಾರಾದರೂ ಹಿಡಿದಾರೆಂಬ ಭಯವೋ ಏನೋ.

ಅವನು ಬಂದದ್ದು ನನಗಾಗಿ ಅಲ್ಲ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಶ್ರೀಶೈಲಪ್ಪ. ನನ್ನನ್ನು ಹುಡುಕಿಕೊಂಡು ಹಾಲಿನವಳು ಬಿಟ್ಟರೆ ಯಾರೂ ಬರುವುದಿಲ್ಲ. ಬರುವವರೆಲ್ಲ ಬರುವುದು ನನ್ನ ಹೆಂಡತಿ ಕಾಶಿಬಾಯಿಗಾಗಿ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ವರ್ಷಗಟ್ಟಲೆ ಊರಿನ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡು ಅವಳ ಕಿವಿ ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಹೊರ್ತಿಯ ಗಾಣದ ಮನೆಯ ಕಳವನ್ನೂ ಬಸವನ ಬಾಗೇವಾಡಿಯ ನಕಲಿ ಅಳಿಯನನ್ನೂ ಬರೀ ದನಿ ಕೇಳಿಯೇ ಹಿಡಿದಿದ್ದಳು. ನನ್ನ ಸುಳ್ಳು ಹಿಡಿಯಲು ಮಾತ್ರ ಅವಳಿಗೆ ದನಿಯೂ ಬೇಕಿರಲಿಲ್ಲ, ನಾನು ಕೆಮ್ಮಿದರೆ ಸಾಕಿತ್ತು.

"ಕೂಡ್ರು. ಮೊದಲಿಂದ ಹೇಳು," ಎಂದಳು.

ಕಳುವಾದದ್ದು ಕಂಪನಿಯ ಹಿರಿಯ ನಾಯಕಿ ಬಾಳಮ್ಮನ ಬೋರಮಾಳ. ಅವಳ ಬದುಕಿನ ಗಳಿಕೆಯೆಲ್ಲ ಆ ಚಿನ್ನದ ಗುಂಡಿನ ಸರದಲ್ಲೇ ಇತ್ತು. ಹಿಂದಿನ ದಿನದ ಆಟದಲ್ಲಿ ವೇಷಕ್ಕೆ ಕೂಡುವ ಮೊದಲು ಅದನ್ನು ಬಿಚ್ಚಿ ಟ್ರಂಕಿನಲ್ಲಿಟ್ಟಿದ್ದಳು. ಮೂರನೇ ಅಂಕ ಮುಗಿಸಿ ಬಂದು ನೋಡಿದರೆ ಇಲ್ಲ. ಮಾಲೀಕ ಮಡಿವಾಳಪ್ಪ ತಕ್ಷಣ ಬಯಲಿನ ಬೇಲಿಯ ಬಾಗಿಲು ಹಾಕಿಸಿದ. ಎಲ್ಲರ ಟ್ರಂಕು, ಹಾಸಿಗೆ, ಕಡೆಗೆ ಮುರ್ತುಜಾನ ಆಂಪ್ಲಿಫೈಯರಿನ ಹೊಟ್ಟೆಯನ್ನೂ ಬಿಚ್ಚಿ ನೋಡಿದರು. ಏಪ್ರಿಲಿನ ಎರೆ ನೆಲ ಬಿರಿದು ಕಲ್ಲಾಗಿತ್ತು. ಎಲ್ಲಿ ಅಗೆದರೂ ಕಣ್ಣಿಗೆ ಹೊಡೆಯಬೇಕು. ಎಲ್ಲೂ ಅಗೆದ ಗುರುತು ಸಿಗಲಿಲ್ಲ.

"ಹಂಗಾದ್ರ ನಿನ್ನ ಮ್ಯಾಲೆ ಯಾಕ ಸಂಶಯ?"

"ಮೂರನೇ ಅಂಕದಾಗ ಆಂಪ್ಲಿಫೈಯರ್ ಒಮ್ಮೆಲೆ ಗುಂಯ್ ಅನ್ನಾಕ ಹತ್ತಿತ್ರಿ. ನಾ ಎದ್ದು ಹೊಸ ವಾಲ್ವ್ ತರಾಕ ಹಿಂದಿನ ಡೇರೆಕ್ಕ ಹೋದೆ. ಬಾಳಮ್ಮನ ಟ್ರಂಕ್ ಅಲ್ಲೇ ಇತ್ತು. ಎದ್ದು ಹೋಗಾಕ ನೆಪ ಬೇಕಂತ ನಾನ ಆ ಸದ್ದು ಎಬ್ಬಿಸೀನಿ ಅಂತಾರ್ರಿ ಮಾಲೀಕರು." ಅವನ ದನಿ ಬಿರಿಯಿತು. "ಹೊಡೆತಕ್ಕ ಅಂಜೂದಿಲ್ರಿ. ಬೆರಳು ಮುರದ್ರ ನಾ ಏನು ತಿನ್ಲಿ? ಮುದ್ದೇಬಿಹಾಳದಾಗ ನನ್ನ ಮಕ್ಕಳು ಕಳ್ಳನ ಮಕ್ಕಳು ಅಂತ ಸಾಲಿಗೆ ಹೆಂಗ ಹೋಗಬೇಕು?"

ನಾನು ಚಹಾ ಬಗ್ಗಿಸಿ ಇಬ್ಬರಿಗೂ ಕೊಟ್ಟೆ. ಕಾಶಿಬಾಯಿ ಮಾತ್ರ ಕೇಳಿದ್ದು ಬೇರೆಯೇ.

"ಆ ಸದ್ದು ಹೆಂಗಿತ್ತು? ಚಟಚಟ ಅಂತಿತ್ತೋ, ಒಂದೇ ಸಮ ಗುಂಯ್ ಅಂತಿತ್ತೋ?"

"ಒಂದೇ ಸಮ ಬಾಯಾರ. ಗಿಟಾರಿನ ತಂತಿ ಮುಟ್ಟಿದ್ರ ಬೆರಳಿಗೆ ಚುಮುಚುಮು ಅಂತಿತ್ತು."

ಅಲ್ಲಿಂದ ಅವನು ತನ್ನ ಆಂಪ್ಲಿಫೈಯರಿನ ಬಗ್ಗೆ ಹೇಳತೊಡಗಿದ. ಹೇಳುತ್ತ ಹೇಳುತ್ತ ಕೈಗಳು ಕಂಕುಳಿಂದ ತಾವಾಗಿಯೇ ಹೊರಬಂದವು. ಹಳೆಯ ರೇಡಿಯೋದ ಗಾಜಿನ ವಾಲ್ವುಗಳಿಂದ ಅವನೇ ಕಟ್ಟಿದ್ದು, ಗಿಟಾರಿಗೂ ಮೈಕಿಗೂ ಅದೊಂದೇ. ಮೊದಮೊದಲು ಅದರ ದನಿ ಕಿವಿಗೆ ಚುಚ್ಚುತ್ತಿತ್ತು, ಸದ್ದಿನಲ್ಲಿ ಬಾಳಮ್ಮನ ಹಾಡು ಮುಳುಗುತ್ತಿತ್ತು. ಬಾಳಮ್ಮ ಒಮ್ಮೆ ಹುಸಿನಗೆ ನಕ್ಕು, "ನಿನ್ನ ಪೆಟಗಿ ನನ್ನ ಕೊಳ್ಳ ಹಿಸುಕತೈತಿ" ಅಂದಿದ್ದಳಂತೆ. ಅವತ್ತಿನಿಂದ ಹಟ ಹಿಡಿದ. ವಾಲ್ವುಗಳ ನಡುವಿನ ಕಂಡೆನ್ಸರ್ ಬದಲಿಸಿ ದನಿಯ ಮೊನೆ ಮುರಿದ. ವಾಲ್ವು ಕಾಯಿಸುವ ತಂತಿಗಳನ್ನು ಜಡೆ ಹೆಣೆದಂತೆ ಹೆಣೆದ. ಟ್ರಾನ್ಸ್‌ಫಾರ್ಮರನ್ನು ಮೊದಲ ವಾಲ್ವಿನಿಂದ ದೂರ ಸರಿಸಿ, ಆ ವಾಲ್ವಿಗೆ ತಗಡಿನ ಟೊಪ್ಪಿಗೆ ತೊಡಿಸಿದ. ಕಡೆಗೆ ಅರ್ಥಿಂಗಿಗೆಂದು, ಅಂದರೆ ಸೋರಿದ ಕರೆಂಟು ನೆಲಕ್ಕಿಳಿಯಲೆಂದು, ಡೇರೆಯ ಹಿಂದೆ ಗುಂಡಿ ತೋಡಿ, ಉಪ್ಪು ಇದ್ದಿಲಿನ ನಡುವೆ ತಾಮ್ರದ ತಗಡು ಹೂತು, ಅದರಿಂದ ಆಂಪ್ಲಿಫೈಯರಿಗೆ ತಂತಿ ಎಳೆದ. ನೆಲ ಒಣಗಬಾರದೆಂದು ದಿನಾ ಸಂಜೆ ಗುಂಡಿಗೆ ಒಂದು ಕೊಡ ನೀರು ಹಾಕುತ್ತಿದ್ದ.

"ಆಮ್ಯಾಲೆ ದನಿ ಬೆಚ್ಚಗ ಬಂತ್ರಿ, ಕೌದಿ ಹೊಚಕೊಂಡಂಗ. ಸದ್ದ ಇಲ್ಲ. ನಿನ್ನಿ ಎರಡು ಅಂಕ ಹಂಗ ನಡೀತು."

"ಇವತ್ತು ಗುಂಡಿ ನೋಡಿದ್ಯಾ?"

"ಮುಂಜಾನೆ ನೋಡೇನ್ರಿ. ಹಸೀನ ಐತಿ. ಯಾರೋ ಪುಣ್ಯಾತ್ಮರು ನಾ ಏಳೂದ್ರಾಗ ನೀರು ಹಾಕಿದ್ರು. ತಂತಿನೂ ನೆಲದಾಗ ಇಳದೈತಿ. ಅದಕ್ಕ ವಾಲ್ವಿಂದ ದೋಷ ಅಂತ ಎಲ್ಲಾ ಬಿಚ್ಚೀನಿ. ಏನೂ ಸಿಗವಲ್ದು."

ಕಾಶಿಬಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಏನ್ರಿ, ಸೈಕಲ್ ತಗೀರಿ," ಎಂದಳು ನನಗೆ. ದಾರಿಯಲ್ಲಿ ಎಕ್ಸ್‌ಚೇಂಜಿನ ಮುಂದೆ ನಿಲ್ಲಿಸಲು ಹೇಳಿ, ಹಿತ್ತಲ ಗುಂಡಿಗೆ ಇವತ್ತು ನೀರು ಹಾಕಿದರೋ ಇಲ್ಲವೋ ಎಂದು ಜವಾನನನ್ನು ಗದರಿಸಿ ಬಂದಳು. ಒಬ್ಬನ ಬಾಳು ಸಂಜೆಯವರೆಗೆ ಮಾತ್ರ ಉಳಿದಿರುವಾಗ ಇವಳಿಗೆ ಕಚೇರಿಯ ಗುಂಡಿಯ ಚಿಂತೆಯೇ ಎಂದು ನನಗೆ ಸಿಟ್ಟು ಬಂತು. ಬಾಯಿ ಬಿಡಲಿಲ್ಲ. ಹಿಂದೆ ಕೂತವಳು ಅವಳೇ, ಏರು ತುಳಿಯುತ್ತಿದ್ದವನು ನಾನು, ಉಸಿರೂ ಉಳಿದಿರಲಿಲ್ಲ.

ಡೇರೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಬಾಳಮ್ಮ ಖಾಲಿ ಟ್ರಂಕಿನ ಮುಂದೆ ಕೂತಿದ್ದಳು. ಬರಿದಾದ ಕೊರಳಿಗೆ ಪದೇ ಪದೇ ಕೈ ಹೋಗುತ್ತಿತ್ತು.

"ಈ ಊರಿನ ಮುಕ್ಕಾಮ್ ಮುಗದ ಮ್ಯಾಲೆ ಬಣ್ಣ ಬಿಡ್ತೇನಿ ಅಂತ ಕಂಪನಿಯವರಿಗೆಲ್ಲಾ ಹೇಳಿದ್ದೆನ್ರಿ," ಎಂದಳು. "ದೇವಣಗಾಂವದಾಗ ಒಂದು ಸಣ್ಣ ಮನಿ ನೋಡಿಟ್ಟಿದ್ದೆ. ಸರ ಮಾರಿ ತಗೊಳ್ಳೂದಿತ್ತು. ಈಗ ಸಾಯೂತನ ಕುಣೀಬೇಕು."

"ಮುರ್ತುಜಾ ತಗೊಂಡಾನ ಅನಸತೈತ್ಯಾ ನಿಮಗ?"

"ಅವ? ನನ್ನ ದನಿಗೋಸ್ಕರ ವಾರಗಟ್ಲೆ ನಿದ್ದಿಗೆಟ್ಟಾವ ನನ್ನ ಸರ ಕದೀತಾನೇನ್ರಿ?" ಎಂದು ಅವಳು ಮುಖ ತಿರುಗಿಸಿದಳು. "ಖರೆ, ಮತ್ತ ಯಾರಂತ ಹೇಳ್ಲಿ?"

ಹಾರ್ಮೋನಿಯಂ ಮಾಸ್ತರ ಸಂಗಣ್ಣ ಮೂಲೆಯಿಂದಲೇ ಗೊಣಗಿದ. "ಆ ಕರೆಂಟಿನ ಪೆಟಗಿ ಬಂದಾಗಿಂದ ಕಂಪನಿಗೆ ಶನಿ ಹಿಡದೈತಿ." ಗಿಟಾರು ಬಂದ ಮೇಲೆ ಅವನ ಹಾರ್ಮೋನಿಯಂ ಕೇಳುವವರಿರಲಿಲ್ಲ. ನಾನು ಅವನ ಮೇಲೊಂದು ಕಣ್ಣಿಟ್ಟೆ. ಆದರೆ ಮೂರನೇ ಅಂಕ ಪೂರ್ತಿ ಅವನು ಜನರ ಕಣ್ಣೆದುರೇ ನುಡಿಸುತ್ತ ಕೂತಿದ್ದನೆಂದು ಎಲ್ಲರೂ ಹೇಳಿದರು. ಆಗ ಬಿಡುವಾಗಿ ಓಡಾಡುತ್ತಿದ್ದವರು ಇಬ್ಬರೇ: ಹಾಸ್ಯದ ಪಾತ್ರ ಮುಗಿಸಿದ್ದ ಚಂದಪ್ಪ, ಟಿಕೆಟ್ ಬಾಗಿಲು ಮುಚ್ಚಿದ್ದ ಮಡಿವಾಳಪ್ಪ.

"ನಾ ಬಣ್ಣ ತೊಳಕೋತ ಕುಂತಿದ್ದೆ," ಎಂದ ಚಂದಪ್ಪ. ಅವನ ಚಪ್ಪಲಿಯ ತುಂಬ ಇನ್ನೂ ಮುಖದ ಬಿಳಿ ಪುಡಿ ಇತ್ತು.

"ನಾ ಅಲ್ಲೇ ಇಲ್ಲೇ ತಿರಗ್ಯಾಡಾಕತ್ತಿದ್ದೆ," ಎಂದ ಮಡಿವಾಳಪ್ಪ. "ಬಾಯಾರ, ಸುಮ್ಮ ಯಾಕ ತ್ರಾಸ? ಕಳ್ಳ ಸಿಕ್ಕಾನ. ಸಂಜೀಗೆ ಇವನ್ನ ಪೊಲೀಸರಿಗೆ ಕೊಟ್ಟು, ಗಿಟಾರ್ ಇಲ್ಲದ ಆಟ ಆಡ್ತೇವಿ. ಸಂಗಣ್ಣ, ಒಂದು ಎಲಿ ಕೊಡು. ನನ್ನ ಸಂಚಿ ಎಲ್ಲೋ ಬಿದ್ದೈತಿ." ಅವನ ಚರ್ಮದ ಮೆಟ್ಟಿನ ಅಂಚಿಗೂ ಒಂದು ಬಿಳಿ ಗೆರೆ ಕಂಡಿತು. ಎಲೆಗೆ ಹಚ್ಚುವ ಸುಣ್ಣ ಚೆಲ್ಲಿಕೊಂಡಿದ್ದಾನೆ ಎಂದುಕೊಂಡೆ.

ಕಾಶಿಬಾಯಿ ಗುಂಡಿಯ ಕಡೆ ಹೋದಳು. ಸುತ್ತ ಜಾಲಿಯ ಮುಳ್ಳು ಇಟ್ಟಿದ್ದರು. "ಇದ್ಯಾಕ?" ಎಂದು ಕೇಳಿದಳು.

"ನನ್ನ ಆಡಿನ ಕಾಟಕ್ರಿ," ಎಂದಳು ಬಾಳಮ್ಮ. "ಉಪ್ಪಂದ್ರ ಜೀವ ಬಿಡತೈತಿ. ಗುಂಡಿ ತೋಡಿದಾಗ ಒಂದು ದಿನ ಪೂರಾ ಇಲ್ಲೇ ನೆಕ್ಕಿತ್ತು."

ಮುಳ್ಳು ಒಂದು ಬದಿಗೆ ಸರಿದಿತ್ತು. ಕಾಶಿಬಾಯಿ ಬಗ್ಗಿ ನೋಡಿದಳು, ಏನನ್ನೂ ಮುಟ್ಟಲಿಲ್ಲ. ಎಲ್ಲರನ್ನೂ ಡೇರೆಯೊಳಗೆ ಕೂಡಿಸಲು ಹೇಳಿ, ನನ್ನ ಕಿವಿಯಲ್ಲಿ, "ನೀವು ಬಾಗಲದಾಗ ನಿಂತು ಆಡು ಕಾಯ್ರಿ," ಎಂದಳು.

ಆಡು! ಸರಕಾರದ ಸಂಬಳ ತಿನ್ನುವ ಮಾಸ್ತರನಿಗೆ ಆಡು ಕಾಯುವ ಕೆಲಸ. ಮದುವೆಯಾದಾಗಿನಿಂದ ಇಂಥ ಮರ್ಯಾದೆಗಳು ಅಭ್ಯಾಸವಾಗಿದ್ದರಿಂದ ನಿಂತೆ. ಎಲ್ಲರೂ ಮೆಟ್ಟು ಹೊರಗೆ ಬಿಟ್ಟು ಒಳಗೆ ಹೋದರು. ಆಡು ಬಂತು. ಮುರ್ತುಜಾನ ರಬ್ಬರ್ ಚಪ್ಪಲಿಯನ್ನು ಮೂಸಿ ಬಿಟ್ಟಿತು. ಚಂದಪ್ಪನ ಪುಡಿಗೆ ಸೀನಿತು. ಸಂಗಣ್ಣನದನ್ನು ತುಳಿದು ಹೋಯಿತು. ಆಮೇಲೆ ಒಂದು ಜೋಡಿಯ ಮುಂದೆ ನಿಂತು ಅಂಚನ್ನು ಬಿಡದೆ ನೆಕ್ಕತೊಡಗಿತು. ಅದು ಯಾರ ಮೆಟ್ಟೆಂದು ಗುರುತು ಹಿಡಿದೆ. ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದೆ. ಅವಳು ತಲೆಯಾಡಿಸಿ ಎದ್ದು ನಿಂತಳು.

"ನಮ್ಮ ಎಕ್ಸ್‌ಚೇಂಜಿಗೂ ಇಂಥಾದ್ದ ಒಂದು ಗುಂಡಿ ಐತಿ," ಎಂದು ಶುರು ಮಾಡಿದಳು. "ಅದರ ತಂತಿ ಹರಿದ್ರ ಲೈನಿನಾಗ ಒಂದೇ ಸಮ ಗುಂಯ್ ಅಂತೈತಿ. ಮುರ್ತುಜಾ, ವಾಲ್ವ್ ಕೆಟ್ಟಿದ್ರ ಸದ್ದು ಬರತೈತಿ, ಬೆರಳು ಚುಮುಗುಡೂದಿಲ್ಲ. ಪೆಟಗಿ ಮೈಗೆ ಸೋರಿದ ಕರೆಂಟು ನೆಲಕ್ಕ ಹೋಗೂ ದಾರಿ ಕಡಿದಾಗ ಎರಡೂ ಕೂಡೇ ಬರತಾವ. ಮೂರನೇ ಅಂಕದಾಗ ಆ ದಾರಿ ನೆಲದೊಳಗ ಕಡೀತು. ಯಾಕಂದ್ರ ಯಾರೋ ಗುಂಡಿ ಅಗದ್ರು. ಊರೆಲ್ಲಾ ಕಲ್ಲಾದ ನೆಲ, ಅಗದ್ರ ಕಾಣತೈತಿ. ದಿನಾ ನೀರು ಕುಡಿಯೂ ಜಾಗಾ ಅದೊಂದ. ಮುಂಜಾನೆ ಎದ್ದು ಮತ್ತ ನೀರು ಹಾಕಿ ಗುರ್ತೂ ಅಳಿಸಿದ್ರು."

ಮುರ್ತುಜಾನ ಕಡೆ ಕೈ ಮಾಡಿ ಅವಳೇ ಮುಂದುವರಿಸಿದಳು.

"ಮುರ್ತುಜಾ ಆ ಕೆಲಸ ಮಾಡಾಕ ಸಾಧ್ಯನ ಇಲ್ಲ. ಗುಂಯ್ ಅಂದ ಮ್ಯಾಲೆ ಅವ ಎದ್ದದ್ದು. ಅವ ಕುಂತಾಗ ಗುಂಡಿ ಅಗದಾವರು ಬ್ಯಾರೆ. ಅಷ್ಟ ಅಲ್ಲ, ಆ ತಂತಿ ಕೈಯಿಂದ ಹೂತಾವ ಅವನ. ಅದನ್ನ ಹರದ್ರ ಇಡೀ ಡೇರೆಕ್ಕ ಡಂಗುರ ಹೊಡದಂಗ ಅಂತ ಅವಗ ಗೊತ್ತಿತ್ತು. ಗೊತ್ತಿಲ್ಲದಾವರು ಅಗದ್ರು."

"ಅಂದ್ರ ಯಾರು?" ಎಂದ ಸಂಗಣ್ಣ. ಅವನ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

"ಬಿಡುವಿದ್ದಾವರು ಇಬ್ಬರು. ಇಬ್ಬರ ಮೆಟ್ಟಿಗೂ ಬಿಳೀದು ಹತ್ತೈತಿ. ಒಂದು ಮುಖದ ಪುಡಿ. ಇನ್ನೊಂದು ಸುಣ್ಣ ಅಂತ ನಮ್ಮವರು ತಿಳದಿರಬೇಕು. ಆಡು ಸುಣ್ಣ ನೆಕ್ಕೂದಿಲ್ಲ. ಉಪ್ಪು ನೆಕ್ಕತೈತಿ. ಮ್ಯಾಲೆ ನೀರು ಹಾಕಿದವರಿಗೆ ಉಪ್ಪು ಹತ್ತೂದಿಲ್ಲ, ಒಳಗಿಂದ ಅಗದು ತಗದಾವರಿಗೆ ಹತ್ತತೈತಿ. ಆದ್ರ ಆಡಿನ ಸಾಕ್ಷಿ ಕೋರ್ಟಿಗೆ ನಡಿಯೂದಿಲ್ಲ. ಮುರ್ತುಜಾ, ಚಂದಪ್ಪ, ಹೋಗ್ರಿ. ಗುಂಡಿ ತಗೀರಿ."

"ಏ, ಬ್ಯಾಡ!" ಎಂದು ಮಡಿವಾಳಪ್ಪ ಎದ್ದೇಬಿಟ್ಟ. ಎಲ್ಲರ ಕಣ್ಣೂ ಅವನ ಕಡೆ ತಿರುಗಿದವು. ಹಾಗೇ ಕುಸಿದು ಕೂತ.

ಅವರು ಕೆಸರಿನಿಂದ ತಂದದ್ದು ಎಲೆಯಡಿಕೆಯ ಸಂಚಿ. ಮಾಲೀಕನ ಸಂಚಿಯನ್ನು ಕಂಪನಿಯಲ್ಲಿ ಗುರುತಿಸದವರಿರಲಿಲ್ಲ. ಬಿಚ್ಚಿದರೆ ಒಳಗೆ ಬೋರಮಾಳ. ಅದರ ಜೊತೆಗೇ ಮುರ್ತುಜಾ ತಾಮ್ರದ ತಂತಿಯ ಹರಿದ ತುದಿಯನ್ನೂ ತಂದಿದ್ದ.

"ಅವಸರದಾಗ ಕೈಗೆ ಸಿಕ್ಕ ಚೀಲದಾಗ ಹಾಕಿದ್ರಿ," ಎಂದಳು ಕಾಶಿಬಾಯಿ. "ಆಮ್ಯಾಲೆ ನೆನಪಾತು, ಮುಕ್ಕಾಮ್ ಕಿತ್ತಾಗ ತಾಮ್ರದ ತಗಡು ತಗಿಯಾಕ ಮುರ್ತುಜಾ ಗುಂಡಿ ಅಗೀತಾನ ಅಂತ. ಅದಕ್ಕ ಅವ ಇವತ್ತ ಹೋಗಬೇಕಿತ್ತು. ನಿಮಗ ಇನ್ನೊಂದು ಗೊತ್ತೈತ್ಯಾ? ದಾರಿ ಕಡಿದ ಪೆಟಗಿಗೆ ಹಚ್ಚಿದ ಗಿಟಾರಿನ ತಂತಿ ಮ್ಯಾಲೆ ಇವನ ಕೈ ಇತ್ತು. ಕರೆಂಟು ಇನ್ನಷ್ಟು ಸೋರಿದ್ರ ಇವನ ಹೆಣ ಎತ್ತಬೇಕಿತ್ತು." ಅವಳು ಇಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

ಮಡಿವಾಳಪ್ಪ ತಲೆ ಎತ್ತಲಿಲ್ಲ. "ಮಾರ್ಕೊಳ್ಳಾಕ ತಗೊಂಡಿಲ್ಲ," ಎಂದ. "ಬಾಳಮ್ಮ ಹೋದ್ರ ಕಂಪನಿ ಎಲ್ಲಿ ಉಳೀತದ? ಸರ ಇಲ್ಲಂದ್ರ ಮನಿ ಇಲ್ಲ, ಮನಿ ಇಲ್ಲಂದ್ರ ಇಲ್ಲೇ ಇರ್ತಾಳ ಅಂತ..."

ಬಾಳಮ್ಮ ಸರವನ್ನು ಸೆರಗಿನಿಂದ ಒರೆಸುತ್ತಿದ್ದಳು. ಕೈ ನಿಂತಿತು.

"ಇರು ಅಂತ ಒಂದು ಮಾತು ಕೇಳಲಿಲ್ಲಲ್ಲೋ," ಎಂದಳು. "ಹರೇದಾಗ ಬಂದಾಕಿ, ಕೂದಲ ಬೆಳ್ಳಗಾತು. ಒಂದು ಸಲ ಕೇಳಿದ್ರ ಇರ್ತಿದ್ದೆ. ಈಗ ಇರೂದಿಲ್ಲ."

ಪೊಲೀಸರನ್ನು ಕರೆಯಬೇಕೇ ಎಂದು ಕಾಶಿಬಾಯಿ ಕೇಳಿದಳು. ಬಾಳಮ್ಮ ಮುರ್ತುಜಾನ ಕಡೆ ಕೈ ತೋರಿಸಿ, "ಪೊಲೀಸರು ಒಯ್ಯಾವರಿದ್ದದ್ದು ಇವನ್ನ. ಇವನ ಹೇಳ್ಲಿ," ಎಂದಳು. ಮುರ್ತುಜಾಸಾಬ ತನ್ನ ಬೆರಳುಗಳನ್ನು ನೋಡಿಕೊಂಡ.

"ಪೊಲೀಸರು ಬ್ಯಾಡ್ರಿ," ಎಂದ. "ನಾ ಕಳ್ಳ ಅಂತ ಮುಂಜಾನಿಂದ ಸಂತಿಯೆಲ್ಲಾ ಮಾತಾಡಾಕತ್ತೈತಿ. ಇವತ್ತು ಪಡದೆ ಏಳೂಕಿಂತ ಮೊದಲ ಮಾಲೀಕರು ನನ್ನ ಮೈಕಿನ ಮುಂದ ನಿಂತು ಹೇಳಲಿ. ಮುರ್ತುಜಾಸಾಬ ಕಳ್ಳ ಅಲ್ಲ ಅಂತ. ಅಷ್ಟ ಸಾಕು."

ಮಡಿವಾಳಪ್ಪನ ಮುಖ ಬೂದಿಯಾಯಿತು. ಠಾಣೆಯೇ ವಾಸಿ ಅನ್ನಿಸಿರಬೇಕು ಅವನಿಗೆ.

ಮಧ್ಯಾಹ್ನವೆಲ್ಲ ಮುರ್ತುಜಾ ಹೊಸ ಉಪ್ಪು ಇದ್ದಿಲು ತುಂಬಿ, ತಂತಿಯನ್ನು ತಗಡಿಗೆ ಬೆಸೆದು, ವಾಲ್ವುಗಳನ್ನು ಮರಳಿ ಕೂಡಿಸಿದ. ಸಂಜೆ ಡೇರೆ ಕಿಕ್ಕಿರಿದಿತ್ತು. ಕಳುವಿನ ಸುದ್ದಿ ಟಿಕೆಟಿಗೆ ಒಳ್ಳೆಯದೇ ಮಾಡಿತ್ತು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ಮಡಿವಾಳಪ್ಪ ಪರದೆಯ ಮುಂದೆ ಬಂದು ಮೈಕಿನೆದುರು ನಿಂತ. ಆಂಪ್ಲಿಫೈಯರಿನಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಅವನು ಎಂಜಲು ನುಂಗಿದ್ದು, ಉಸಿರು ಎಳೆದುಕೊಂಡದ್ದು, ಅದು ಗಂಟಲಲ್ಲಿ ಸಿಕ್ಕಿದ್ದು, ಎಲ್ಲವೂ ಕಡೆಯ ಸಾಲಿನ ನಮಗೂ ಕೇಳಿತು. ಅವಿತುಕೊಳ್ಳಲು ಅವನಿಗೆ ಒಂದು ಗುಂಯ್ ಕೂಡ ಉಳಿದಿರಲಿಲ್ಲ.

"ಮುರ್ತುಜಾಸಾಬ ಕಳ್ಳ ಅಲ್ಲ," ಎಂದ.

ಅಷ್ಟೇ ಹೇಳಬೇಕೆಂದು ಮಾತಾಗಿತ್ತು. ಅವನು ತಿರುಗಿ ಹೊರಟವನು ನಿಂತ. ಜನ ಗುಸುಗುಸು ಶುರು ಮಾಡಿದ್ದರು. ಮತ್ತೆ ಮೈಕಿನ ಮುಂದೆ ಬಂದ.

"ಸರ ತಗೊಂಡಾವ ನಾನ," ಎಂದ.

ಕಾಶಿಬಾಯಿ ನನ್ನ ಕೈ ಹಿಡಿದಳು. ಮಡಿವಾಳಪ್ಪ ಅಲ್ಲೇ ನಿಂತಿದ್ದ, ಒಳಗೆ ಹೋಗಲೂ ಆಗದೆ, ಜನರನ್ನು ನೋಡಲೂ ಆಗದೆ. ಆಗ ಮುರ್ತುಜಾಸಾಬ ಗಿಟಾರನ್ನು ತೊಡೆಯ ಮೇಲೆಳೆದುಕೊಂಡು, ಮಾಲೀಕ ಪರದೆಯ ಹಿಂದೆ ಮರೆಯಾಗುವವರೆಗೂ ಕಾಯದೆ, ನಾಂದಿ ಶುರು ಮಾಡಿದ.