ಹಳದಿ ಮಣಿ ಮತ್ತು ಲೆಕ್ಕಕ್ಕಿಲ್ಲದ ಫೋಟೋ

"ಪಡಿಕಿ ಅಕ್ಕಾ, ನನ್ನ ಕ್ಯಾಮೆರಾ ಕಿತ್ಕೊಂಡುಬಿಟ್ರು! ಮಧ್ಯಾಹ್ನ ಹಿರಿಯರು ಸೇರ್ತಾರಂತೆ. ಕಳ್ಳ ಅಂತ ತೀರ್ಮಾನ ಆದ್ರೆ ಈ ಊರಲ್ಲಿ ಇನ್ಯಾವ ಮನೆಯವರೂ ನನ್ನ ಹೊಸಿಲು ದಾಟಿಸಲ್ಲ."

ಅಗೊಮಾನ್ಯ ಸಂತೆಯಲ್ಲಿ ಮೇಕೆ ಕಳೆದರೂ ಸರಿ, ಮಾನ ಕಳೆದರೂ ಸರಿ, ಜನ ಮೊದಲು ಓಡಿಬರುತ್ತಿದ್ದುದು ಪಡಿಕಿಯ ಮಣಿ ಅಂಗಡಿಗೆ. ಪೊಲೀಸಿನವರ ಪಾಳಿ ಆಮೇಲೆ. ಪಕ್ಕದ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ತೆಯೆಗೆ ಇದೇನೂ ಹೊಸದಲ್ಲ. ಅವಳ ಹಿಂದೆ ಛತ್ರಿ ಹಿಡಿದು ಅಲೆಯುವುದಕ್ಕೆ ಶುರುಮಾಡಿ ಅವನಿಗೆ ಹನ್ನೊಂದು ವರ್ಷವಾಗಿತ್ತು. ಬಂದವನು ಫೋಟೋ ತೆಗೆಯುವ ಲಾವೆರ್ ಎಂದು ಕಂಡೊಡನೆ ಅವನು ಕೈಯಲ್ಲಿದ್ದ ರೇಡಿಯೊ ಕೆಳಗಿಟ್ಟ.

"ಅಳೋದು ಆಮೇಲೆ ಇದ್ದೇ ಇದೆ. ನಡೆದದ್ದು ಹೇಳು," ಎಂದಳು ಪಡಿಕಿ, ಜೋಳದ ಹುಳಿಹಿಟ್ಟಿನ ಕೆಂಕಿ ಉಂಡೆ ಮುರಿದು ಹುರಿದ ಮೀನಿನ ಜೊತೆ ಬಾಯಿಗಿಡುತ್ತಾ.

ಹಿಂದಿನ ದಿನ ಮಾಮ್ಲೆ ಅಜ್ಜಿಯ ಮೊಮ್ಮಗಳಿಗೆ ದೀಪೊ ಶಾಸ್ತ್ರ. ಹುಡುಗಿ ದೊಡ್ಡವಳಾದಳೆಂದು ಊರಿಗೆ ತೋರಿಸುವ ದಿನ. ನೆಂಟರೆಲ್ಲ ತಂತಮ್ಮ ಹಳೆಯ ಮಣಿ ಎರವಲು ಕೊಟ್ಟು ಅವಳ ಮೈತುಂಬ ಹೇರಿದ್ದರು. ಹುಡುಗಿಯ ಸೋದರತ್ತೆ ಕೋರ್ಕೋರ್ ಕೊಟ್ಟದ್ದು ನಾಲ್ಕು ತಲೆಮಾರಿನ ದಪ್ಪ ಹಳದಿ ಮಣಿ. ಲಾವೆರ್ ಹನ್ನೆರಡು ಫೋಟೋ ತೆಗೆದು, ನಡುವೆ ಒಮ್ಮೆ ಆ ಸರವನ್ನು ನೇರ ಮಾಡಿದ್ದ. ಬೆಳಿಗ್ಗೆ ಫೋಟೋ ಅಚ್ಚು ಹಾಕಿಸಿ ಕೊಡಲು ಹೋದರೆ, ಅಲ್ಲಿ ಮಣಿ ಬಿಚ್ಚಿ ಹಿಂತಿರುಗಿಸುವ ಹೊತ್ತು. "ಇದು ನನ್ನ ಮಣಿಯಲ್ಲ, ಯಾರೋ ಬದಲಾಯಿಸಿದ್ದಾರೆ!" ಎಂದು ಕೋರ್ಕೋರ್ ಬೊಬ್ಬೆ ಹೊಡೆಯುತ್ತಿದ್ದಳು.

"ಅದನ್ನ ಮುಟ್ಟಿದ ಹೊರಗಿನವನು ನಾನೊಬ್ಬನೇ ಅಕ್ಕಾ," ಎಂದ ಲಾವೆರ್.

ಕೈಯಲ್ಲಿ ಕಾಸಿಲ್ಲದವನು, ಆಸೆಬಿದ್ದಿದ್ದರೂ ಬಿದ್ದಿರಬಹುದು ಎಂದು ತೆಯೆಗೆ ಒಳಗೊಳಗೇ ಅನ್ನಿಸಿತು. ಪಡಿಕಿ ಮಾತ್ರ ಸಂಬಂಧವೇ ಇಲ್ಲದ್ದನ್ನು ಕೇಳಿದಳು. "ನಿನ್ನದು ಬೆಂಕಿಪೊಟ್ಟಣದಂಥ ಕ್ಯಾಮೆರಾ. ಆದ್ರೂ ದೊಡ್ಡ ಕ್ಯಾಮೆರಾದವರಿಗಿಂತ ನಿನ್ನ ಫೋಟೋದಲ್ಲಿ ಮುಖ ಚೆಂದ ಬರುತ್ತಲ್ಲ, ಹೇಗಯ್ಯಾ?"

ತನ್ನ ಕೆಲಸದ ಮಾತು ಬಂದದ್ದೇ ತಡ, ಲಾವೆರ್ ಅಳು ಮರೆತ. "ಬಿಳಿ ಗೋಡೆ ಮುಂದೆ ಬಿಸಿಲಲ್ಲಿ ನಿಲ್ಲಿಸಿದ್ರೆ ಈ ಬಡಪಾಯಿ ಗೋಡೆಯನ್ನೇ ನೋಡ್ಕೊಂಡು ನಮ್ಮಂಥವರ ಮುಖ ಮಸಿ ಮಾಡುತ್ತೆ. ಅದಕ್ಕೆ ಮಾವಿನ ನೆರಳಲ್ಲಿ ಕೂರಿಸಿ, ಹಿಂದೆ ಕಂದು ಬಟ್ಟೆ ಕಟ್ಟಿ, ತೊಡೆ ಮೇಲೆ ಬಿಳಿ ಬಟ್ಟೆ ಹಾಸ್ತೀನಿ. ಬೆಳಕು ಕೆಳಗಿಂದ ಪುಟಿದು ಮುಖಕ್ಕೆ ಬೀಳುತ್ತೆ. ಅಲ್ಲಾಡಬಾರದು ಅಂತ ಒರಳು ಬೋರಲು ಹಾಕಿ ಅದರ ಮೇಲೆ ಕ್ಯಾಮೆರಾ ಇಡ್ತೀನಿ. ಮೊದಲು ಯಾರನ್ನಾದ್ರೂ ಕೂರಿಸಿ ಬೆಳಕು ನೋಡ್ಕೋತೀನಿ. ಆಮೇಲೆ ಹತ್ತಿರದ್ದನ್ನ ಸ್ಪಷ್ಟ ತೋರಿಸೋ ಹೂವಿನ ಗುರುತಿಗೆ ತಿರುಗಿಸಿ, ಅವರದೇ ತೀರಾ ಹತ್ತಿರದಿಂದ ಒಂದು."

"ನಿನ್ನೆ ಯಾರನ್ನ ಕೂರಿಸಿದ್ದೆ?"

"ಕೋರ್ಕೋರಮ್ಮನ್ನೇ. ಹುಡುಗಿಗೆ ಇನ್ನೂ ಸಿಂಗಾರ ಆಗ್ತಿತ್ತು. ಅವರು ಅಲ್ಲೇ ಮಣಿ ಪೋಣಿಸ್ತಿದ್ರು."

ಪಡಿಕಿ ಕೈ ತೊಳೆದು ಎದ್ದಳು. "ತೆಯೆ, ಟಿ.ವಿ.ಗೆ ಚುಚ್ಚೋ ಆ ತಂತಿ ಎಲ್ಲಿ? ತಗೊಂಡು ಬಾ."

ಮಾಮ್ಲೆ ಅಜ್ಜಿಯ ಅಂಗಳದಲ್ಲಿ ಹಿರಿಯರು ಆಗಲೇ ಕುಳಿತಿದ್ದರು. ಕೋರ್ಕೋರ್ ಕಣ್ಣು ಕೆಂಪಾಗಿಸಿಕೊಂಡು ನಿಂತಿದ್ದಳು. ಪಡಿಕಿ ಆ ಹಳದಿ ಮಣಿಯನ್ನು ಕೈಗೆ ತೆಗೆದುಕೊಂಡಳು.

"ಇದು ನಿನ್ನದಲ್ಲ ಅಂತ ಹೇಗೆ ಗೊತ್ತಾಯ್ತು ತಂಗಿ?"

"ಗೊತ್ತಾಗದೇನು! ನಮ್ಮಜ್ಜಿ ಕಾಲದಿಂದ ದಾರ ಉಜ್ಜಿ ಉಜ್ಜಿ ಅದರ ತೂತಿನ ಬಾಯಿ ಸವೆದು ಹಳ್ಳ ಬಿದ್ದಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಹೇಳ್ತೀನಿ. ಇದರ ಬಾಯಿ ನೋಡು, ಚೂಪು!"

"ಪೋಣಿಸಿದವಳು ನೀನೇ ಅಲ್ವಾ?"

"ನಾನೇ. ನನ್ನ ಕೈಯಲ್ಲಿ ಇರೋವರೆಗೂ ಅಸಲಿ ಮಣಿನೇ ಇತ್ತು. ಇವನು ಮುಟ್ಟಿದ ಮೇಲೇ ಹೀಗಾಗಿದ್ದು."

ಹನ್ನೆರಡು ಫೋಟೋಗಳನ್ನು ಹಿರಿಯರು ಆಗಲೇ ತಿರುವಿಹಾಕಿದ್ದರು. ಹುಡುಗಿ ಕೂರಿಸಿದಲ್ಲಿ ಕೂರದೆ ಎಲ್ಲದರಲ್ಲೂ ಕುಣಿಯುತ್ತಿದ್ದಳು, ಮಣಿ ಮಸುಕು.

"ನಿನ್ನನ್ನೂ ಅವನು ತೆಗೆದನಂತೆ?" ಎಂದಳು ಪಡಿಕಿ.

"ಅದಾ? ಅದು ಬರೀ ಖಾಲಿ ಕ್ಲಿಕ್ಕು," ಎಂದು ಕೋರ್ಕೋರ್ ಮೂಗು ಮುರಿದಳು. "ದುಡ್ಡು ಕೊಡದವರಿಗೆ ಯಾವ ಫೋಟೋದವನು ಫಿಲ್ಮು ಸುಡ್ತಾನೆ?"

ಹಿರಿಯರೂ ಹೌದೌದೆಂದು ತಲೆಯಾಡಿಸಿ ನಕ್ಕರು. ಫಿಲ್ಮಿನ ಕಾಲದಲ್ಲಿ ಕಾಡುವವರ ಬಾಯಿ ಮುಚ್ಚಿಸಲು ಫೋಟೋದವರು ಹಾಗೆಯೇ ಮಾಡುತ್ತಿದ್ದರು. ಫಳ್ ಎಂದು ಬೆಳಕು ಹೊಡೆದು, "ಆಯ್ತು ಹೋಗಿ" ಎನ್ನುವುದು. ಒಳಗೆ ಫಿಲ್ಮೇ ಇರುತ್ತಿರಲಿಲ್ಲ.

ಪಡಿಕಿ ನಗಲಿಲ್ಲ. ತೆಯೆ ಹಿರಿಯರಿಂದ ಕ್ಯಾಮೆರಾ ಇಸಿದುಕೊಂಡು, ಅಂಗಳಕ್ಕೆ ತಂದಿಟ್ಟ ಅಜ್ಜಿಯ ಟಿ.ವಿ.ಗೆ ತಂತಿ ಚುಚ್ಚಿದ. ಹನ್ನೆರಡು ಫೋಟೋ ಹಿಂದಕ್ಕೆ ಸರಿದವು. ಅವಕ್ಕೂ ಹಿಂದಿನದು ಬಂದಾಗ ಹಿರಿಯರು ಕುರ್ಚಿ ಮುಂದಕ್ಕೆಳೆದುಕೊಂಡರು. ಪರದೆಯ ತುಂಬ ಕೋರ್ಕೋರಳ ಎರಡು ಬೆರಳು, ನಡುವೆ ಹಳದಿ ಮಣಿ. ದಾರದ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು.

"ಇದರಲ್ಲಿ ಫಿಲ್ಮಿಲ್ಲ, ಆದ್ದರಿಂದ ಖಾಲಿ ಕ್ಲಿಕ್ಕೂ ಇಲ್ಲ," ಎಂದಳು ಪಡಿಕಿ. "ಒತ್ತಿದ್ದೆಲ್ಲ ಒಳಗೆ ಉಳಿಯುತ್ತೆ. ನೆರಳು, ಬಿಳಿ ಬಟ್ಟೆ, ಒರಳು, ಹೂವಿನ ಗುರುತು, ಲಾವೆರ್ ಒಂದನ್ನೂ ಬಿಟ್ಟಿಲ್ಲ. ಅದಕ್ಕೇ ಇಷ್ಟು ಸ್ಪಷ್ಟ. ತೂತಿನ ಬಾಯಿ ನೋಡಿ. ಸವೆತ ಇದೆಯಾ? ಚೂಪಾಗಿದೆ. ನನ್ನ ಕೈಲಿರೋ ಮಣಿನೇ ಇದು. ಇದು ತೆಗೆದಾಗ ಲಾವೆರ್ ಒರಳಿನ ಆಚೆ ಇದ್ದ, ಹುಡುಗಿ ಒಳಗಿದ್ದಳು. ಅಂದ್ರೆ ಅವನು ಮುಟ್ಟೋಕೆ ಮೊದಲೇ ಮಣಿ ಬದಲಾಗಿತ್ತು."

"ಹಾಗಾದ್ರೆ ಬೇರೆ ಯಾರೋ..." ಎಂದು ಒಬ್ಬ ಹಿರಿಯ ಶುರುಮಾಡಿದ.

"ಯಾರೂ ಇಲ್ಲ ಮಾವ. ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಗುರುತಿಸ್ತೀನಿ ಅಂದವಳು ಇವಳೇ. ನೋಡಿ, ಅವಳ ಉಗುರು ತೂತಿನ ಬಾಯಿ ಮೇಲೇ ಇದೆ. ಗೊತ್ತಿದ್ದೂ ಪೋಣಿಸಿದಳು. ಅಲ್ವಾ ತಂಗಿ?"

ಕೋರ್ಕೋರ್ ನೆಲದ ಮೇಲೆ ಕುಳಿತಳು. ಸೆರಗಿನ ಗಂಟು ಬಿಚ್ಚಿ ಎರಡು ಹಳದಿ ಚೂರು ಮುಂದಿಟ್ಟಳು. "ತೊಳೆಯುವಾಗ ಕಲ್ಲಿನ ಮೇಲೆ ಬಿತ್ತು. ನಮ್ಮಜ್ಜಿ ನನ್ನ ನಂಬಿ ಕೊಟ್ಟ ಮಣಿ. ಯಾವ ಮುಖ ಹೊತ್ತು ಹೇಳಲಿ? ಹೊಸದೊಂದು ತಂದೆ. ಆಮೇಲೆ ಅದು ಗೊತ್ತಾಗಿಬಿಡುತ್ತೆ ಅಂತ ಹೆದರಿ ಪಾಪ ಈ ಹುಡುಗನ ಮೇಲೆ ಹಾಕಿದೆ."

ತೆಯೆಗೆ ಲಾವೆರ್‌ನ ಮುಖ ನೋಡಲು ನಾಚಿಕೆಯಾಯಿತು. ತಾನೂ ಅವನನ್ನು ಕಳ್ಳನೆಂದುಕೊಂಡಿದ್ದನಲ್ಲ!

ಮಾಮ್ಲೆ ಅಜ್ಜಿ ಚೂರುಗಳನ್ನು ಅಂಗೈಗೆ ಹಾಕಿಕೊಂಡಳು. "ಅಯ್ಯೋ ಪೆದ್ದಿ! ನಾವು ಮಣಿ ಮಾಡೋ ಜನ ಕಣೇ. ಗಾಜು ಒಡೆದ್ರೆ ಕುಟ್ಟಿ ಪುಡಿಮಾಡಿ ಮತ್ತೆ ಕುಲುಮೆಗಿಡ್ತೀವಿ. ಅದೇ ಗಾಜು, ಅದೇ ನಿಮ್ಮಜ್ಜಿಯ ಮಣಿ. ಆದ್ರೆ ಒಬ್ಬನ ಹೆಸರು ಒಡೆದ್ರೆ ಯಾವ ಕುಲುಮೆಗೆ ಇಡ್ತಿದ್ದೆ? ಏಳು, ಅವನ ಕಾಲಿಗೆ ಬೀಳು."

ಕೋರ್ಕೋರ್ ಬಗ್ಗುವ ಮೊದಲೇ ಲಾವೆರ್ ಅವಳ ಕೈ ಹಿಡಿದುಕೊಂಡ. "ಬೇಡ ಅಮ್ಮ. ನಾನು ಕದ್ದಿಲ್ಲ ಅಂತ ಎಲ್ಲರ ಮುಂದೆ ಹೇಳಿ, ಸಾಕು." ಅವಳು ಹೇಳಿದಳು, ಎರಡೆರಡು ಸಲ.

ಹಿರಿಯರು ಕ್ಯಾಮೆರಾ ಹಿಂದಿರುಗಿಸಿದರು. ಲಾವೆರ್ ಅದನ್ನು ಅಂಗಿಯಲ್ಲಿ ಒರೆಸಿ ಹೊರಡುವುದರಲ್ಲಿದ್ದ.

"ಎಲ್ಲಿಗೋ ಹೊರಟೆ?" ಎಂದು ಗದರಿದ ಮಾಮ್ಲೆ ಅಜ್ಜಿ ಕುರ್ಚಿಯನ್ನು ತಾನೇ ಮಾವಿನ ನೆರಳಿಗೆ ಎಳೆದುಕೊಂಡಳು. "ನನಗೆ ಎಂಬತ್ತಾರು. ನಾನು ಸತ್ತ ದಿನ ಊರಿನ ಗೋಡೆ ಗೋಡೆಗೂ ಅಂಟಿಸೋ ಫೋಟೋ ಬೇಕು. ಇಷ್ಟು ದಿನ ಯಾರಿಗೂ ನನ್ನ ಮುಖ ಕೊಟ್ಟಿರಲಿಲ್ಲ. ನೀನು ತೆಗಿ. ಆ ಬಿಳಿ ಬಟ್ಟೆ ಹಾಸೋದು ಮರೀಬೇಡ, ನನಗೆ ಮಸಿ ಮುಖ ಬೇಡ!"

ಲಾವೆರ್ ಒರಳು ತರಲು ಓಡಿದ. ಮೊದಲು ಬೆಳಕು ನೋಡಲು ಯಾರನ್ನು ಕೂರಿಸಲಿ ಎಂದು ಅವನು ಕೇಳಿದಾಗ ಅಜ್ಜಿ ನಕ್ಕಳು.

"ಯಾರೂ ಬೇಡ. ನಾನೇ ಕೂತಿದ್ದೀನಲ್ಲ. ಎಷ್ಟು ಬೇಕೋ ಅಷ್ಟು ಒತ್ತು."