ಬಣ್ಣ ಹಾಕದ ದುಪಟ್ಟಾ

ಏಯ್, ಯಾರಪ್ಪಾ ಅದು ಗ್ರೂಪಲ್ಲಿ ನಗೋ ಮೂತಿ ಹಾಕಿದ್ದು? 'ಬೈರಣ್ಣನಿಗೆ ವಯಸ್ಸಾಯ್ತು, ಒಂದು ಕಥೆಗೆ ಇನ್ನೊಂದು ಬಾಲ ಸೇರಿಸ್ತಾನೆ' ಅಂತಾನಾ? ಫೋನ್ ನೋಡ್ದೆ ಹೆಂಡ್ತಿ ನಂಬರ್ ಹೇಳಕ್ಕಾಗಲ್ಲ ನಿಮಗೆ, ನನ್ನ ಜ್ಞಾಪಕ ತೂಗಕ್ಕೆ ಬಂದ್ಬಿಟ್ರು!

ದೊಡ್ಡಬಳ್ಳಾಪುರದಲ್ಲಿ ನನ್ನ ಮನೆಗೂ ತಂಜೀಲಾ ಮನೆಗೂ ಒಂದೇ ಗೋಡೆ. ಆ ಹುಡುಗಿ ಮನಸ್ಸಲ್ಲಿದ್ದಿದ್ದೆಲ್ಲ ನನ್ನ ಹೆಂಡ್ತಿ ಮುನಿರತ್ನಮ್ಮನ ಮುಂದೆ ಅತ್ಕೊಂಡು ಹೇಳಿದ್ದಾಳೆ. 'ನೀವು ಹೇಳಿ ಬೈರಣ್ಣ, ನಾಲ್ಕು ಜನ ಕೇಳ್ಲಿ' ಅಂತ ಅವಳೇ ಅಂದಿದ್ದಾಳೆ. ಅದಕ್ಕೇ ಬಾಯ್ಮುಚ್ಕೊಂಡು ಕೇಳಿ.

ಅವತ್ತು ಗುರುವಾರ. ನಮ್ಮ ಕಡೆ ದರ್ಗಾದಲ್ಲಿ ಫಾತೇಹಾ ಪ್ರಾರ್ಥನೆ ಆದ್ಮೇಲೆ ಒಂದಷ್ಟು ಜನ ಕೂತ್ಕೊಂಡು ಹಳೇ ಫಕೀರರ ಪದ ಹೇಳಿ ಅರ್ಥ ಬಿಡಿಸ್ತಾರೆ. ಗಂಡಸರು ಈ ಕಡೆ, ಹೆಂಗಸರು ಪರದೆ ಆ ಕಡೆ. ಅರ್ಥ ಹೇಳೋನು ಸಕ್ಲೇನ್. ರೇಷ್ಮೆಗೆ ಬಣ್ಣ ಹಾಕೋ ಕೆಲಸ. ಅಪ್ಪ ಅಮ್ಮ ಹೋಗಿ, ಮದುವೆನೂ ಆಗದೆ ಒಂಟಿಯಾಗಿ ಉಳ್ಕೊಂಡಿದ್ದೋನು.

ಅವನು ಪದ ಹೇಳ್ದ. ಅವರ ಉರ್ದುನಲ್ಲಿ. ನಾನು ಕನ್ನಡದಲ್ಲಿ ಹೇಳ್ತೀನಿ.

'ಹಸಿ ರೇಷ್ಮೆ ನಾನು, ಕುದಿಯೋ ನೀರು ನೀನು. ಅಂಟೆಲ್ಲ ಬಿಡಿಸು ದೊರೆಯೇ, ಆಮೇಲೆ ಬಣ್ಣ ಹಚ್ಚು.'

"ದೊರೆ ಅಂದ್ರೆ ಖುದಾ," ಅಂದ ಸಕ್ಲೇನ್. "ಹಸಿ ದಾರ ಒರಟು. ಬೇಯಿಸಿದ್ರೆ ಅಂಟು ಬಿಟ್ಟು ಹೊಳಪು ಬರುತ್ತೆ. ಅವನ ಪ್ರೀತಿನೂ ಹಂಗೇ... ನಮ್ಮನ್ನ ಬೇರೇನೇ ಮಾಡ್ಬಿಡುತ್ತೆ."

ಪರದೆ ಹಿಂದಿಂದ ಒಂದು ದನಿ ಬಂತು ನೋಡಿ!

"ಬೇಯಿಸೋರು ಸುಲಭವಾಗಿ ಹೇಳ್ತೀರಾ. ಬೇಯೋ ದಾರನ ಯಾವತ್ತಾದ್ರೂ ಕೇಳಿದ್ದೀರಾ?"

ಒಬ್ಬ ಮುದುಕ ಕೆಮ್ಮಿದ. ಸಕ್ಲೇನ್ ಕಿವಿ ಕೆಂಪಾಯ್ತು.

"ಇಲ್ಲ..." ಅಂದ ಮೆತ್ತಗೆ. "ನೀವೇ ಹೇಳಿ."

"ಬೇಯೋದು ದೊಡ್ಡದಲ್ಲ. ಒಬ್ಬರೇ ಬೇಯ್ಬೇಕಲ್ಲ, ಅದು ದೊಡ್ಡದು."

ಅವಳೇ ತಂಜೀಲಾ. ಕೊರೊನಾದಲ್ಲಿ ಅವಳಪ್ಪ ಅಸದುಲ್ಲಾ ಹೋದ. ತಾಯಿ ಮೊದ್ಲೇ ಇರ್ಲಿಲ್ಲ. ಎರಡು ಮಗ್ಗ, ಒಬ್ಬಳು ಹುಡುಗಿ. ಹುಡುಗಿ ಅಂತೀನಿ, ಮೂವತ್ತು ದಾಟಿತ್ತು ಬಿಡಿ. ಹಗಲೆಲ್ಲ ಮಗ್ಗ ಟಕಟಕ ಅಂತಿದ್ರೆ ಪರವಾಗಿಲ್ಲ. ಕರೆಂಟ್ ಹೋಯ್ತು ಅನ್ನಿ... ಆ ಮನೇಲಿ ಅವಳ ಉಸಿರೇ ಅವಳಿಗೆ ಕೇಳ್ಸೋದಂತೆ. ಒಬ್ಬಳಿಗೆ ಅಂತ ಸಾರು ಮಾಡಕ್ಕೂ ಮನಸ್ಸು ಬರ್ದೆ ಬನ್ನು ತಿಂದು ಟೀ ಕುಡ್ಕೊಂಡು ಮಲಗೋಳು.

ಅವತ್ತಿಂದ ಆ ಪದ ಅವಳನ್ನ ಹಿಡ್ಕೊಂಡ್ಬಿಡ್ತು. ದಾರ ಸುತ್ತುವಾಗ ಅದೇ, ಅನ್ನಕ್ಕಿಡುವಾಗ ಅದೇ. 'ಯಾವುದು ನನ್ನ ಅಂಟು? ಯಾವಾಗ ಬಿಡುತ್ತೆ?'

ದಾರ ಬಣ್ಣಕ್ಕೆ ಕೊಡಕ್ಕೆ ಅವಳು ಹೋಗ್ಬೇಕಾಗಿದ್ದೂ ಅವನು ಕೆಲಸಕ್ಕಿದ್ದ ಬಣ್ಣದ ಮನೆಗೇ ಕಣ್ರಪ್ಪಾ! ಬಾಗಿಲಲ್ಲಿ ನಿಂತು ಲಡಿ ಕೊಡೋಳು. ಬಾಯಲ್ಲಿ ಮಾತ್ರ ಜಗಳ.

"ಹೋದ್ವಾರ ನೀವು ಹೇಳಿದ ಅರ್ಥ ತಪ್ಪು."

"ಹೌದಾ ಉಸ್ತಾದ್? ಸರಿ ಯಾವುದು?"

"ಹುಡುಕ್ತಾ ಇದ್ದೀನಿ!"

"ಸಿಕ್ಕಿದ್ರೆ ಹೇಳಿ. ಅಲ್ಲೀವರೆಗೂ ಜನಕ್ಕೆ ತಪ್ಪೇ ಹೇಳ್ತಿರ್ತೀನಿ."

ನಗು ತಡ್ಕೊಂಡು ಮನೆಗೆ ಬಂದು, ಖಾಲಿ ಮನೇಲಿ ಒಬ್ಬಳೇ ನಗೋಳು. ಗೋಡೆ ಈಚೆ ಮುನಿರತ್ನಮ್ಮ ನನ್ನ ತಿವಿಯೋಳು. "ಕೇಳಿಸ್ತಾ? ಮಗು ನಗ್ತಾ ಐತೆ!"

ಆದ್ರೆ ಪ್ರೀತಿ ಅಂತ ಬಾಯ್ಬಿಟ್ಟು ಹೇಳೋದು ಹೆಂಗೆ? 'ಅವ್ರೇ ಕೇಳ್ಲಿ... ಹೆಣ್ಣಾಗಿ ನಾನು ಕೇಳ್ಲಾ?'

ಕೊನೆಗೆ ಅವಳಿಗೊಂದು ಉಪಾಯ ಹೊಳೀತು. ನಮ್ಮೂರಲ್ಲಿ ದಾರಕ್ಕೆ ಬಣ್ಣ ಹಾಕಿ ಆಮೇಲೆ ನೇಯ್ತೀವಿ, ಬಿಳೀದು ಯಾರು ನೇಯ್ತಾರೆ? ಇವಳು ಬೇಯಿಸಿದ ಬಿಳೀ ರೇಷ್ಮೇಲೇ ದುಪಟ್ಟಾ ನೇಯ್ದು, ಹೊದ್ಕೊಂಡು ಗುರುವಾರ ದರ್ಗಾ ಬಾಗಿಲಲ್ಲಿ ನಿಂತ್ಲು. ಅವನು ಪದ ಬಲ್ಲೋನು, ಬಣ್ಣದೋನು. 'ನಾನು ಕಾಯ್ತಾ ಇದ್ದೀನಿ, ನೀವೇ ಬಣ್ಣ ಹಚ್ಚಿ' ಅಂತ ತಾನೇ ತಿಳ್ಕೊಂತಾನೆ!

ಸಕ್ಲೇನ್ ನೋಡ್ದ. ಮುಖ ಹಂಗೇ ಬತ್ತೋಯ್ತು. ತಲೆ ತಗ್ಗಿಸಿ, "ಖುದಾ ನಿಮ್ಮನ್ನ ಕಬೂಲ್ ಮಾಡ್ಕೊಳ್ಲಿ," ಅಂದು ಹೊರಟೇಹೋದ!

ಎದೆ ಒಡೀತು ಅವಳಿಗೆ. 'ಅಂದ್ರೆ... ದೇವರ ಹತ್ರಾನೇ ಇರು, ನನಗೆ ಬೇಡ ಅಂದ್ರಾ?'

ಮುಂದಿನ ಗುರುವಾರ ಅವನು ಬರ್ಲಿಲ್ಲ. ಅದರ ಮುಂದಿನ ವಾರನೂ ಇಲ್ಲ. ದಾರ ತಗೊಂಡು ಹೋದ್ರೆ ಮಾಲೀಕ ತೌಹೀದ್ ಅಂದ, "ಸಕ್ಲೇನಾ? ಸೋಂಪುರದಲ್ಲಿ ಫ್ಯಾಕ್ಟರಿ ಸೇರ್ಕೊಂಡ್ಬಿಟ್ಟ. ಅಲ್ಲೇ ರೂಮು."

ಅದಾದ್ಮೇಲೆ ಆ ಮನೇಲಿ ನಗು ಇಲ್ಲ. ಟೀವಿ ಹಾಕ್ಕೊಂಡು ನೋಡ್ದೇ ಕೂರೋಳು, ಒಂದು ಮನುಷ್ಯರ ದನಿ ಇರ್ಲಿ ಅಂತ. ಹಬ್ಬಕ್ಕೆ ಶೀರ್ ಖುರ್ಮಾ ಮಾಡಿ, ತಿನ್ನೋರಿಲ್ದೆ ಪಾತ್ರೆ ಸಮೇತ ನಮ್ಮನೆಗೆ ತಂದ್ಲು.

"ಹೋಗಿ ಕೇಳೇ ಅವನನ್ನ!" ಅಂದ್ಲು ಮುನಿರತ್ನಮ್ಮ.

"ಬೇಡ ಅಂದೋರ ಹಿಂದೆ ಹೋಗಕ್ಕೆ ನನಗೇನು ಮರ್ಯಾದೆ ಇಲ್ವಾ ಅಕ್ಕಾ?"

ಅಂದೋಳು... ಹಂಗೇ ನಿಂತ್ಬಿಟ್ಲು. ಕಣ್ಣಲ್ಲಿ ನೀರು.

'ಯಾ ಅಲ್ಲಾ... ಇದೇ ಅಲ್ವಾ ನನ್ನ ಅಂಟು! ಇಷ್ಟು ದಿನ ಪದ ಹೇಳ್ಕೊಂಡೆ, ನಿನ್ನ ಪ್ರೀತಿ ನನ್ನ ಬದಲಾಯಿಸ್ಲಿ ಅಂತ ಬೇಡ್ಕೊಂಡೆ. ಮರ್ಯಾದೆ ಮಾತ್ರ ಗಟ್ಟಿಯಾಗಿ ಹಿಡ್ಕೊಂಡೇ ಇದ್ದೆ!'

ಮಾರನೇ ದಿನ ಮಗ್ಗ ನಿಲ್ಲಿಸಿ ಬಸ್ ಹತ್ತಿದ್ಲು.

ಫ್ಯಾಕ್ಟರಿ ಗೇಟು. ಊಟದ ಹೊತ್ತು. ಜನ ಹೊರಗೆ ಬಂದ್ರು, ಅವನೂ ಬಂದ. ಇವಳನ್ನ ನೋಡಿ ಕಲ್ಲಾಗಿ ನಿಂತ. ಇವಳು ನೋಡಿದ್ದು ಅವನ ಕೈ. ಬಣ್ಣದೋರ ಕೈ ಯಾವತ್ತೂ ಕ್ಲೀನಾಗಿರಲ್ಲ, ಉಗುರಲ್ಲಿ ನೀಲಿನೋ ಕೆಂಪೋ ಕೂತಿರುತ್ತೆ. ಅಲ್ಲಿ ಎಲ್ಲಾ ಮಿಷಿನ್ನು. ಅವನ ಕೈ ಯಾರದೋ ಕೈ ಥರ ಬಿಳಚ್ಕೊಂಡಿತ್ತು. ಅದನ್ನ ನೋಡಿ ಅವಳು ಅತ್ತೇಬಿಟ್ಲು.

"ನನ್ನ ಯಾಕೆ ಬೇಡ ಅಂದ್ರಿ?"

"ನಾನಾ? ಬೇಡ ಅಂದಿದ್ದು ನೀವು! ನಮ್ಮಲ್ಲಿ ಬಿಳೀದು ಯಾರು ಹೊದೀತಾರೆ? ದುನಿಯಾ ಬಿಟ್ಟೋರು. ನೀವು ಖುದಾ ಕಡೆ ಹೊರಟಿದ್ದೀರಾ ಅನ್ಕೊಂಡೆ... ಅವನಿಗೂ ನಿಮಗೂ ಮಧ್ಯೆ ಬರಕ್ಕೆ ನಾನ್ಯಾರು?"

"ಅಯ್ಯೋ... ನೀವು ಬಣ್ಣ ಹಾಕ್ಲಿ ಅಂತ ಕಣ್ರೀ ಬಿಳೀದು ಹೊದ್ದಿದ್ದು!"

ಕ್ಲೀನಾಗಿದ್ದ ಕೈಲಿ ಮುಖ ಮುಚ್ಕೊಂಡ.

"ನಾನೇನೂ ಖುದಾನ್ನ ಬಿಟ್ಟು ಬಂದಿಲ್ಲ," ಅಂದ್ಲು ತಂಜೀಲಾ, ಮೂಗೊರೆಸ್ಕೊಂಡು. "ಇಲ್ಲೀವರೆಗೂ ನನ್ನ ಕಳಿಸಿದ್ದೇ ಅವನು. ಇಲ್ದಿದ್ರೆ ನಾನು ಬರೋಳೇ ಅಲ್ಲ, ನಿಮಗೆ ಗೊತ್ತಲ್ಲ ನನ್ನ ಕೊಬ್ಬು."

ಅವನು ಅಳ್ತಾನೇ ನಕ್ಬಿಟ್ಟ. ಆಮೇಲೆ ಅಂದ, "ಪೈಗಾಮ್ ಕಳಿಸ್ಬೇಕು." ಅಂದ್ರೆ ಮದುವೆ ಕೇಳಿ ಹೇಳಿಕಳಿಸೋದು ಕಣ್ರಪ್ಪಾ, ಹಿರಿಯರಿಂದ ಹಿರಿಯರಿಗೆ. "ನನ್ನ ಕಡೆ ಕಳಿಸೋರು ಯಾರೂ ಇಲ್ಲ, ತಂಜೀಲಾ."

"ನನ್ನ ಕಡೆ ತಗೊಳ್ಳೋರೂ ಯಾರೂ ಇಲ್ಲ..."

ಲಾರಿಗಳು ಧೂಳೆಬ್ಬಿಸ್ಕೊಂಡು ಹೋಗ್ತಾ ಇದ್ವು.

"ಹಂಗಾದ್ರೆ ನಾನೇ ಕಳಿಸ್ತೀನಿ," ಅಂದ ಅವನು. "ನಿಮಗೇ."

"ಯಾವಾಗ?"

"ಕಳಿಸ್ದೆ. ಬಂತಾ?"

ಅವಳು ತಲೆ ತಗ್ಗಿಸಿದ್ಲು. ಅವನಿಗೊಬ್ಬನಿಗೇ ಕೇಳೋ ಹಂಗೆ...

"ಬಂತು."

ಅಷ್ಟೇ ಕಣ್ರಪ್ಪಾ. ನಗೋ ಮೂತಿ ಹಾಕಿದ್ಯಲ್ಲ ಗುರು, ಈಗ ಒಂದು ಕೆಲಸ ಮಾಡು. ನಿನಗೆ ಗೊತ್ತಿರೋರಲ್ಲಿ ಯಾರಾದ್ರೂ ಒಂಟಿಯಾಗಿ ಕೂತ್ಕೊಂಡು, 'ಅವ್ರೇ ಕೇಳ್ಲಿ' ಅಂತ ಬಾಗಿಲು ನೋಡ್ತಾ ಇದ್ರೆ, ಈ ವಾಯ್ಸ್ ನೋಟ್ ಅವರಿಗೆ ಕಳಿಸು. ನನ್ನ ಹೆಸರು ಹೇಳ್ದಿದ್ರೂ ಪರವಾಗಿಲ್ಲ, ಕಥೆ ಮಾತ್ರ ಅವರಿಗೆ ತಲುಪ್ಲಿ.